ಹಡಗಿನ ಕಪ್ಪು ಪಟ್ಟಿ ಹಿಂದೆ ಹೋಗುತ್ತ ಸಣಕಲಾಗುವುದೇಕೆ?

ಪ್ರಶ್ನೆ: ಬನಶಂಕರಿಯಲ್ಲಿದ್ದೇನೆ ಸರ್, ಸಾಫ್ಟ್‌ವೇರ್ ಕೆಲಸ. ಮೂರು ವರ್ಷದಿಂದ ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್ ಕಟ್ಟುವ ಹುಚ್ಚು. ವಿಮಾನ, ಟ್ಯಾಂಕುಗಳಾದ ಮೇಲೆ ಮೊದಲ ಸಲ ಹಡಗಿಗೆ ಕೈಹಾಕಿದ್ದೇನೆ: 1/350 ಅಳತೆಯ ಬ್ರಿಟಿಷ್ ಯುದ್ಧನೌಕೆ ‘ಹುಡ್’. ಕೆಳಗೆ ಕೆಂಪು, ಮೇಲೆ ಬೂದು, ಮಧ್ಯೆ ಕಪ್ಪು ಪಟ್ಟಿ. ನೀರಿನ ಮಟ್ಟದ ಸುತ್ತ ಮೊದಲು ಕಪ್ಪು ಹೊಡೆದು, ಅದರ ಮೇಲೆ 6 ಮಿ.ಮೀ. ಮಾಸ್ಕಿಂಗ್ ಟೇಪನ್ನು ಮೂತಿಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ಅಂಟಿಸಿ, ಆಮೇಲೆ ಕೆಂಪು, ಬೂದು ಎರಡನ್ನೂ ಏರ್‌ಬ್ರಷ್‌ನಲ್ಲಿ ಹೊಡೆದೆ. ಟೇಪು ಬಿಚ್ಚಿದಾಗ ಅಳು ಬಂತು. ಮಧ್ಯದಲ್ಲಿ ಚೆನ್ನಾಗಿದೆ. ಹಿಂದೆ ಹೋಗುತ್ತ ಪಟ್ಟಿ ಅರ್ಧಕ್ಕರ್ಧ ಸಣಕಲಾಗಿ ಮೇಲಕ್ಕೆ ಬಾಗಿದೆ. ಬಾಲದ ಹತ್ತಿರ ಎಡಬದಿಗಿಂತ ಬಲಬದಿ 2 ಮಿ.ಮೀ. ಎತ್ತರ. ಟೇಪಿನ ಅಂಚಿನಡಿ ಬೂದು ಬಣ್ಣ ಕೂದಲೆಳೆಯಂತೆ ನುಸುಳಿದೆ. ಎರಡು ಕಡೆ ಟೇಪಿನ ಜೊತೆ ಬಣ್ಣವೇ ಚಕ್ಕೆಯಾಗಿ ಎದ್ದು ಬಂತು, ಪ್ರೈಮರ್ ಹೊಡೆದಿರಲಿಲ್ಲ. ಬಣ್ಣ ನೀರಿನ ಅಕ್ರಿಲಿಕ್, ಹೊಡೆದದ್ದು ಜುಲೈ ಮಳೆಯಲ್ಲಿ. ಡೆಕ್ ಇನ್ನೂ ಅಂಟಿಸಿಲ್ಲ. ಟೇಪು ಹಾರ್ಡ್‌ವೇರ್ ಅಂಗಡಿಯದ್ದು. ದುಬಾರಿ ಜಪಾನಿ ಟೇಪು ತಂದರೆ ಸರಿಹೋದೀತೇ? ಇಲ್ಲ ಕೈಯಲ್ಲೇ ಬ್ರಷ್ ಹಿಡಿದು ಎಳೆಯಲೇ? ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಪ್ಪ, “ಮೊದಲು ಮಾರ್ಕಿಂಗ್ ಮಾಡೋ, ಟೇಪು ಆಮೇಲೆ” ಎಂದು ಗೊಣಗುತ್ತಿರುತ್ತಾರೆ.

ಉತ್ತರ: ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನೂ ಪೀಣ್ಯದ ಟೂಲ್‌ರೂಮ್ ಒಂದರಲ್ಲಿ ಸವೆದವನೇ. ಹಡಗಿನ ಮಾದರಿಗಳಿಗೆ ಬಂದದ್ದು ಆಮೇಲೆ. ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲನ್ನು ಅವರು ಆಗಲೇ ಒಂದು ಗೊಣಗಿನಲ್ಲಿ ಹೇಳಿಬಿಟ್ಟಿದ್ದಾರೆ.

ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಪಟ್ಟಿ ಸಣಕಲಾದದ್ದು, ಎಡಬಲ ಹೊಂದದ್ದು, ಬಣ್ಣ ನುಸುಳಿದ್ದು, ಚಕ್ಕೆ ಎದ್ದದ್ದು. ನಾಲ್ಕನ್ನೂ ಟೇಪಿನ ತಲೆಗೆ ಕಟ್ಟಿದ್ದೀರಿ. ಟೇಪು ಪೂರ್ತಿ ನಿರಪರಾಧಿಯೇನಲ್ಲ, ಆದರೆ ನಾಲ್ಕರಲ್ಲಿ ಅದರ ಪಾಲು ಹೆಚ್ಚೆಂದರೆ ಒಂದೂವರೆ. ಜಪಾನಿ ಟೇಪು ತಂದಿದ್ದರೆ ನುಸುಳುವುದು ಕಡಿಮೆಯಾಗುತ್ತಿತ್ತು. ಪಟ್ಟಿ ಮಾತ್ರ ಅಷ್ಟೇ ಸಣಕಲಾಗಿ, ಅಷ್ಟೇ ವಕ್ರವಾಗಿ, ಇನ್ನೂ ಚೂಪಾದ ಅಂಚಿನೊಂದಿಗೆ ಬರುತ್ತಿತ್ತು.

ಈ ಪಟ್ಟಿ ಏನು ಎಂಬುದರಿಂದ ಶುರುಮಾಡೋಣ. ಹಡಗಿನವರ ಭಾಷೆಯಲ್ಲಿ ಇದು ಬೂಟ್ ಟಾಪಿಂಗ್. ಹಡಗು ಎಣ್ಣೆ, ಮದ್ದುಗುಂಡು, ನೀರು ತುಂಬಿಕೊಂಡಾಗ ತಗ್ಗಿ ಕೂರುತ್ತದೆ, ಖಾಲಿಯಾದಾಗ ಮೇಲೇಳುತ್ತದೆ. ಈ ಎರಡು ಮಟ್ಟಗಳ ನಡುವಿನ ಭಾಗ ಒಮ್ಮೆ ನೀರಿನಲ್ಲಿ, ಒಮ್ಮೆ ಬಿಸಿಲಿನಲ್ಲಿ. ತುಕ್ಕು, ಪಾಚಿ ಎಲ್ಲದಕ್ಕೂ ಮೊದಲ ತುತ್ತು ಅದೇ. ಬಂದರಿನ ನೀರಿನ ಮೇಲೆ ತೇಲುವ ಎಣ್ಣೆಯ ಜಿಡ್ಡು ಮೆತ್ತಿಕೊಳ್ಳುವುದೂ ಅಲ್ಲಿಗೇ. ಬೂದು ಬಣ್ಣದ ಮೇಲೆ ಆ ಜಿಡ್ಡು ಅಸಹ್ಯವಾಗಿ ಕಾಣುತ್ತದೆ, ಕಪ್ಪಿನ ಮೇಲೆ ಕಾಣುವುದಿಲ್ಲ. ಕೆಳಗಿನ ಕೆಂಪು ಬೇರೆಯದೇ ಕತೆ. ಚಿಪ್ಪುಜೀವಿಗಳು, ಪಾಚಿ ಅಂಟದಂತೆ ಬಳಿಯುವ ವಿಷಬಣ್ಣ ಅದು. ತಾಮ್ರದ ಆಕ್ಸೈಡ್ ಇರುವುದರಿಂದ ಕೆಂಪು. ಬಣ್ಣ ಬರುವ ಮೊದಲು ಬ್ರಿಟಿಷ್ ನೌಕಾಪಡೆ ಹಡಗಿನ ಅಡಿಗೆ ತಾಮ್ರದ ತಗಡನ್ನೇ ಹೊಡೆಸುತ್ತಿತ್ತು. 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ಮೇಲೆ ಅದನ್ನು ಪರೀಕ್ಷಿಸಿದರು.

ಅಂದರೆ ಕಪ್ಪು ಪಟ್ಟಿಯ ಮೇಲಂಚು, ಕೆಳಅಂಚು ಎರಡೂ ನೀರಿನ ಮಟ್ಟಗಳು. ಹಡಗಿಗೆ ಸುತ್ತಿದ ಲಾಡಿ ಅಂತ ಅದನ್ನು ನೋಡಬೇಡಿ. ಎರಡು ಸಮತಟ್ಟಾದ ತಳಗಳು ಹಡಗಿನ ಒಡಲನ್ನು ಕತ್ತರಿಸಿದ ಗುರುತು ಅದು. ನಿಮ್ಮ ಪಟ್ಟಿ ಕೆಟ್ಟದ್ದು ಇಲ್ಲೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾಗದವನ್ನು ಸುತ್ತಿ ಪೊಟ್ಟಣ ಕಟ್ಟಿಕೊಡುತ್ತಾರಲ್ಲ, ಅಂಥದೊಂದು ಪೊಟ್ಟಣ ಮಾಡಿಕೊಳ್ಳಿ. ಅದರ ಸುತ್ತ ನೆಟ್ಟಗಿನ ಕಾಗದದ ಪಟ್ಟಿಯೊಂದನ್ನು ಸುಕ್ಕಿಲ್ಲದಂತೆ ಸುತ್ತಲು ನೋಡಿ. ಒಂದು ಸುತ್ತು ಬಂದಾಗ ತುದಿಗಳು ಸೇರುವುದಿಲ್ಲ, ಒಂದು ತುದಿ ಹತ್ತಿ ಹೋಗಿರುತ್ತದೆ. ಟೇಪಿಗೆ ತನ್ನದೇ ಒಂದು ದಾರಿಯಿದೆ. ಒಡಲು ನೆಟ್ಟಗಿರುವ ನಡುಭಾಗದಲ್ಲಿ ಅದು ನಿಮ್ಮ ಮಾತು ಕೇಳುತ್ತದೆ. ಮೂತಿಯಲ್ಲಿ ಒಡಲು ಹೊರಕ್ಕೆ ಚಾಚುವಲ್ಲಿ, ಬಾಲದಲ್ಲಿ ಒಳಕ್ಕೆ ತಿರುಗುವಲ್ಲಿ ಅದು ತನ್ನ ದಾರಿ ಹಿಡಿಯುತ್ತದೆ. ನೀವು ಒಂದೇ ಎಳೆತಕ್ಕೆ ಅಂಟಿಸಿದ್ದೀರಿ. ಬಿಗಿಯಾಗಿ ಎಳೆದಷ್ಟೂ ಅದಕ್ಕೆ ಆ ದಾರಿಯೇ ಸಲೀಸು.

ಸಣಕಲಾಗುವುದಕ್ಕೆ ಕಾರಣ ಇನ್ನೊಂದು. 6 ಮಿ.ಮೀ. ಟೇಪು ನೆಟ್ಟಗೆ ನಿಂತ ಗೋಡೆಯ ಮೇಲೆ 6 ಮಿ.ಮೀ. ಎತ್ತರವನ್ನೇ ಮುಚ್ಚುತ್ತದೆ. ಗೋಡೆ 45 ಡಿಗ್ರಿ ವಾಲಿದ್ದರೆ ಅದೇ ಟೇಪು ಮುಚ್ಚುವ ಎತ್ತರ ಸುಮಾರು 4.2 ಮಿ.ಮೀ. 60 ಡಿಗ್ರಿ ವಾಲಿದರೆ 3 ಮಿ.ಮೀ. ಮಾತ್ರ. ‘ಹುಡ್’ನ ನಡುಭಾಗದಲ್ಲಿ ಈ ವಾಲು ಕಡಿಮೆ, ಅದರ ಉಕ್ಕಿನ ಕವಚವನ್ನೇ 12 ಡಿಗ್ರಿ ವಾಲಿಸಿ ಕೂರಿಸಿದ್ದರು, ಅಷ್ಟಕ್ಕೆ ಪಟ್ಟಿಯ ಅಗಲದಲ್ಲಿ ಶೇ. 2ರಷ್ಟು ವ್ಯತ್ಯಾಸ, ಕಣ್ಣಿಗೆ ಬೀಳದು. ಬಾಲದ ಅಡಿಯಲ್ಲಿ ಒಡಲು ನೀರಿನ ಮೇಲೆ ಬಹುತೇಕ ಮಲಗಿಬಿಡುತ್ತದೆ. ಅಲ್ಲಿ ಪಟ್ಟಿ ಪಕ್ಕದಿಂದ 6 ಮಿ.ಮೀ. ಕಾಣಬೇಕಾದರೆ ಪ್ಲಾಸ್ಟಿಕ್ಕಿನ ಮೇಲೆ ಅದನ್ನು 9, 10, ಕೆಲವು ಕಡೆ 12 ಮಿ.ಮೀ. ಅಗಲ ಬಳಿಯಬೇಕು. ಕೈಯಲ್ಲಿ ಹಿಡಿದು ಅಡಿಯಿಂದ ನೋಡಿದರೆ ‘ಇದೇನು ಇಷ್ಟು ದಪ್ಪ’ ಅನಿಸುತ್ತದೆ. ಅನಿಸಲಿ. ಹಡಗನ್ನು ಮೇಜಿನ ಮೇಲಿಟ್ಟು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದಾಗ ಸರಿಯಾಗಿರುತ್ತದೆ.

ಹೀಗೆ ಒಂದೇ ಅಗಲದ ಟೇಪನ್ನು ಪಟ್ಟಿಯನ್ನಾಗಿ ಬಳಸುವ ವಿಧಾನವನ್ನು ಬಹಳ ಮಂದಿ ಹೇಳಿಕೊಡುತ್ತಾರೆ, ನಿಮಗೂ ಅದೇ ಸಿಕ್ಕಿದೆ. ಕತ್ತಿಯಂತೆ ಕಿರಿದಾದ ಡೆಸ್ಟ್ರಾಯರ್‌ಗಳಲ್ಲೂ ಅದು ಬಾಲದ ಹತ್ತಿರ ಕೈಕೊಡುತ್ತದೆ. ದೊಡ್ಡ ಯುದ್ಧನೌಕೆಗಳಿಗೆ ನಾನಂತೂ ಅದನ್ನು ಒಪ್ಪುವುದಿಲ್ಲ.

ಒಡಲಿನ ಈ ತಿರುವನ್ನು ಕಣ್ಣಾರೆ ನೋಡಬೇಕೆಂದರೆ ಮುಂಬೈಗೋ ವಿಶಾಖಪಟ್ಟಣಕ್ಕೋ ಹೋಗಬೇಕಿಲ್ಲ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿವೃತ್ತ ಕ್ಷಿಪಣಿ ನೌಕೆ ‘ಚಪಲ್’ ವಸ್ತುಸಂಗ್ರಹಾಲಯವಾಗಿ ನೆಲದ ಮೇಲೆ ಕೂತಿದೆ. ಬಂದರಿನಲ್ಲಿ ನೀರು ಮುಚ್ಚಿಕೊಳ್ಳುವ ಭಾಗ ಅಲ್ಲಿ ಕಾಣಸಿಗುತ್ತದೆ. ಹಲಸೂರು ಕೆರೆಯ ದೋಣಿಗಳನ್ನು ನೋಡಿ ಹಡಗು ಕಲ್ಪಿಸಿಕೊಳ್ಳಬೇಕಾದ ನಮ್ಮಂಥ ಊರಿನವರಿಗೆ ಇದು ದೊಡ್ಡ ಉಪಕಾರ.

ಈಗ ಮಾರ್ಕಿಂಗ್. ಎಡಬಲದ 2 ಮಿ.ಮೀ. ವ್ಯತ್ಯಾಸ ಹುಟ್ಟಿದ್ದು ಇಲ್ಲಿ, ಮತ್ತು ಇದೇ ಇಡೀ ಕೆಲಸದ ಜೀವ.

ನಿಮಗೆ ಬೇಕಾದದ್ದು ಒಂದು ಸಪಾಟು ತಳ. ಕಾರ್ಖಾನೆಯಲ್ಲಾದರೆ ಸರ್ಫೇಸ್ ಪ್ಲೇಟ್. ಮನೆಯಲ್ಲಿ 10 ಮಿ.ಮೀ. ದಪ್ಪದ ಗಾಜಿನ ಹಾಳೆ ಸಾಕು, ಇಲ್ಲವೇ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು. ನಮ್ಮ ಊರಿನ ಸುತ್ತ ಗ್ರಾನೈಟ್ ಕತ್ತರಿಸುವವರಿಗೆ ಬರವಿಲ್ಲ. ಒಂದು ಮೀಟರ್ ಉದ್ದ, ಒಂದಡಿ ಅಗಲದ ತುಂಡು ಕೇಳಿ. ‘ಹುಡ್’ 262 ಮೀಟರ್ ಉದ್ದದ ಹಡಗು, ನಿಮ್ಮ ಅಳತೆಯಲ್ಲಿ 75 ಸೆಂ.ಮೀ. ಊಟದ ಮೇಜನ್ನು ನಂಬಬೇಡಿ. ಸನ್‌ಮೈಕಾ ಅಂಟಿಸಿದ ಮೇಜು ಕಣ್ಣಿಗೆ ಸಪಾಟು, ಉಕ್ಕಿನ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದರೆ ಅದರ ಬಂಡವಾಳ ಗೊತ್ತಾಗುತ್ತದೆ.

ಆ ತಳದ ಮೇಲೆ ಒಡಲನ್ನು ಅಲ್ಲಾಡದಂತೆ ನಿಲ್ಲಿಸಬೇಕು. ಅಡಿಯ ಬೆನ್ನೆಲುಬಾದ ಕೀಲ್ ತಳಕ್ಕೆ ಸಮಾನಾಂತರ ಇದೆಯೇ ಎಂದು ನೋಡುವುದು ಒಂದು. ಅದಕ್ಕಿಂತ ಮುಖ್ಯ, ಒಡಲು ಪಕ್ಕಕ್ಕೆ ವಾಲಿದೆಯೇ ಎಂಬುದು. ಡೆಕ್ಕಿನ ಅಂಚಿನ ಎತ್ತರವನ್ನು ಮೂತಿ, ನಡು, ಬಾಲ ಮೂರೂ ಕಡೆ ಎಡಕ್ಕೂ ಬಲಕ್ಕೂ ಅಳೆಯಿರಿ. ಮೂರೂ ಜೋಡಿ ಅರ್ಧ ಮಿ.ಮೀ. ಒಳಗೆ ಹೊಂದುವವರೆಗೆ ಕೆಳಗೆ ಕಾಗದದ ಚೂರು ಕೊಡುತ್ತ ಹೋಗಿ. ಡೆಕ್ ಕೂರಿಸದ ಪ್ಲಾಸ್ಟಿಕ್ ಒಡಲು ಪಕ್ಕಗಳನ್ನು ಒಳಕ್ಕೋ ಹೊರಕ್ಕೋ ಎಳೆದುಕೊಂಡಿರುವುದು ಸಾಮಾನ್ಯ. ಹಾಗಾಗಿ ಡೆಕ್ಕನ್ನು ಅಂಟಿಲ್ಲದೆ ಟೇಪಿನಲ್ಲಿ ಬಿಗಿದು ಕೂರಿಸಿಯೇ ಈ ಅಳತೆ ತೆಗೆಯಬೇಕು. ನೀವು ಖಾಲಿ ಒಡಲನ್ನು ಸ್ಪಾಂಜಿನ ಮೇಲೋ ಮಡಿಲಲ್ಲೋ ಇಟ್ಟು ಟೇಪು ಹಾಕಿರಬೇಕು ಎಂದು ನನ್ನ ಗುಮಾನಿ.

ಎತ್ತರ ಎಷ್ಟು? ಒಡಲಿನ ಮೇಲೆ ಅಚ್ಚಿನಲ್ಲೇ ಮೂಡಿದ ಸಣ್ಣ ಗೆರೆಯಿದ್ದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ, ಮೂರು ಕಡೆ ಅಳೆದು ಸಮ ಬಂದರೆ ಒಪ್ಪಿಕೊಳ್ಳಿ. ಇಲ್ಲದಿದ್ದರೆ ನಕ್ಷೆ ಮತ್ತು ಹಳೆಯ ಫೋಟೊಗಳೇ ಗತಿ. ಹಡಗು ನೀರಿನಲ್ಲಿ ಎಷ್ಟು ಇಳಿದಿದೆ ಎಂದು ತೋರಿಸಲು ಮೂತಿಯಲ್ಲೂ ಬಾಲದಲ್ಲೂ ಬರೆದಿರುವ ಆಳದ ಅಂಕಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅಡಿ ಲೆಕ್ಕದ ಹಡಗುಗಳಲ್ಲಿ ಒಂದೊಂದು ಅಂಕಿ 6 ಅಂಗುಲ ಎತ್ತರ, ನಡುವೆ 6 ಅಂಗುಲ ಬಿಡುವು. ಅಂಕಿಯ ಬುಡವೇ ಆ ಆಳ. ಫೋಟೊದಲ್ಲಿ ಪಟ್ಟಿಯ ಅಂಚು ಯಾವ ಅಂಕಿಗೆ ತಾಕುತ್ತದೆಂದು ಕಂಡರೆ ಅಳತೆ ಸಿಕ್ಕಿತು. ‘ಹುಡ್’ ವಿಚಾರದಲ್ಲಿ ಒಂದು ಮಾತು: ಅದು ಕಟ್ಟುವಾಗಲೇ ಕವಚ ಹೆಚ್ಚಾಗಿ ತೂಕವಾಗಿ, ಉದ್ದೇಶಿಸಿದ್ದಕ್ಕಿಂತ ತಗ್ಗಿ ಕೂತ ಹಡಗು. ಒರಟು ಸಮುದ್ರದಲ್ಲಿ ಹಿಂಡೆಕ್ಕಿನ ಮೇಲೆ ಅಲೆ ಆಡುತ್ತಿತ್ತು. ಪಟ್ಟಿಯನ್ನು ಅಂದಕ್ಕೆಂದು ಕೆಳಗೆ ಎಳೆದರೆ ಹಡಗು ಖಾಲಿ ಡಬ್ಬಿಯಂತೆ ತೇಲಿದಂತೆ ಕಾಣುತ್ತದೆ.

ಗೆರೆ ಎಳೆಯುವುದಕ್ಕೆ ತಂದೆಯವರ ಬಳಿ ಹಳೆಯ ಹೈಟ್ ಗೇಜ್ (ತಳದಿಂದ ಎತ್ತರ ಅಳೆದು ಗುರುತು ಹಾಕುವ ಉಪಕರಣ) ಇದ್ದರೆ ನೀವು ಪುಣ್ಯವಂತರು. ಆದರೆ ಅದರ ಸ್ಕ್ರೈಬರ್ ಎಂಬ ಚೂಪು ತುದಿಯಿಂದ ಪ್ಲಾಸ್ಟಿಕ್ಕನ್ನು ಗೀರಬೇಡಿ. ಗೀರಿದ ಗೆರೆ ಬಣ್ಣ ಹರಿಯಲು ತೋಡಿದ ಕಾಲುವೆಯಾಗುತ್ತದೆ. ಟೇಪಿನಡಿ ನುಸುಳಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸ್ಕ್ರೈಬರ್ ಜಾಗದಲ್ಲಿ 0.3 ಮಿ.ಮೀ. ಪೆನ್ಸಿಲ್ ಕಟ್ಟಿ. ಗೇಜ್ ಇಲ್ಲದಿದ್ದರೆ ಚೌಕದ ಮರದ ತುಂಡಿಗೆ ಪೆನ್ಸಿಲನ್ನು ಬಿಗಿಯಾಗಿ ಸುತ್ತಿ, ತುಂಡನ್ನು ಗಾಜಿನ ಮೇಲೆ ಜಾರಿಸುತ್ತ ಒಡಲನ್ನು ಸುತ್ತಿಬನ್ನಿ. ಒಡಲು ಅಲ್ಲಾಡಬಾರದು, ತುಂಡು ಮಾತ್ರ ಓಡಾಡಬೇಕು. ಮೇಲಂಚಿಗೆ ಒಂದು ಸುತ್ತು, ಕೆಳಅಂಚಿಗೆ ಎತ್ತರ ಬದಲಿಸಿ ಇನ್ನೊಂದು ಸುತ್ತು. ಎರಡು ಸುತ್ತು ಮುಗಿಸಿ ಬಾಲದ ಅಡಿಗೆ ಬಗ್ಗಿ ನೋಡಿ: ಗೆರೆಗಳು ಅಲ್ಲಿ ತಾವಾಗಿಯೇ ದೂರ ಸರಿದಿರುತ್ತವೆ. ಈವರೆಗೆ ಹೇಳಿದ ಲೆಕ್ಕವೆಲ್ಲ ಅಲ್ಲಿ ಬರೆದಿರುತ್ತದೆ.

ಟೈಲ್ಸ್ ಹಾಕುವವರ ಲೇಸರ್ ಲೆವೆಲ್ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಬಳಸಬಹುದು, ಆದರೆ ಅದರ ಕೆಂಪು ಗೆರೆಯೇ ಒಂದೆರಡು ಮಿ.ಮೀ. ದಪ್ಪ. ಎಳೆದಾದ ಗೆರೆಯನ್ನು ಪರೀಕ್ಷಿಸಲು ಒಳ್ಳೆಯದು. ಇನ್ನು ಟಬ್ಬಿನಲ್ಲಿ ಒಡಲನ್ನು ಕಟ್ಟಿ ನಿಲ್ಲಿಸಿ, ಬಣ್ಣದ ನೀರು ತುಂಬಿ ಗುರುತು ಮಾಡುವ ಹಳೆಯ ಉಪಾಯವೂ ಇದೆ. ನೀರಿಗಿಂತ ಸಪಾಟು ಯಾವುದು ಎಂಬ ತರ್ಕ. ತರ್ಕ ಸರಿ, ಆದರೆ ನೀರು ಪ್ಲಾಸ್ಟಿಕ್ಕನ್ನು ಮುಟ್ಟುವಲ್ಲಿ ಒಂದೆರಡು ಮಿ.ಮೀ. ಏರಿಯೋ ಇಳಿದೋ ಬಾಗಿರುತ್ತದೆ. 1/350ರಲ್ಲಿ 2 ಮಿ.ಮೀ. ಎಂದರೆ 70 ಸೆಂ.ಮೀ. ಕೆರೆಯಲ್ಲಿ ಬಿಡುವ ದೊಡ್ಡ ರಿಮೋಟ್ ಹಡಗುಗಳವರಿಗೆ ಬಿಟ್ಟುಬಿಡೋಣ.

ಬಣ್ಣದ ಸರದಿಯ ಬಗ್ಗೆ ಹತ್ತು ಜನ ಹತ್ತು ಹೇಳುತ್ತಾರೆ. ಕಪ್ಪು ಮೊದಲು ಹೊಡೆಯುವ ನಿಮ್ಮ ವಿಧಾನದಲ್ಲಿ, ಕಪ್ಪಿನ ಮೇಲೆ ಬೂದು ತುಂಬಲು ನಾಲ್ಕೈದು ಪದರ ಬೇಕಾಗುತ್ತದೆ. ಟೇಪು ಬಿಚ್ಚಿದಾಗ ಅಂಚಿನಲ್ಲಿ ದಂಡೆ ಕಟ್ಟಿರುತ್ತದೆ, ಉಗುರಿಗೆ ಸಿಗುವಷ್ಟು. ನಾನು ತಿಳಿಯಿಂದ ಕಡುವಿಗೆ ಹೋಗುತ್ತೇನೆ. ಪ್ರೈಮರ್ ಆದಮೇಲೆ ಬೂದು ಬಣ್ಣವನ್ನು ಮೇಲಿನಿಂದ ಪಟ್ಟಿಯ ಮಧ್ಯದವರೆಗೆ ಇಳಿಸುತ್ತೇನೆ. ಒಣಗಿದ ಮೇಲೆ ಬೂದನ್ನು ಒರಟಾಗಿ ಮುಚ್ಚಿ, ಕೆಳಗಿನಿಂದ ಕೆಂಪನ್ನು ಪಟ್ಟಿಯ ಮಧ್ಯದವರೆಗೆ ತರುತ್ತೇನೆ. ಕೆಂಪು-ಬೂದು ಸೇರುವ ಗೆರೆ ಎಷ್ಟು ಸೊಟ್ಟಗಿದ್ದರೂ ಚಿಂತೆಯಿಲ್ಲ, ಅದು ಕಪ್ಪಿನಡಿ ಹೂತುಹೋಗುತ್ತದೆ. ಕೊನೆಗೆ ಮೇಲೊಂದು ಕೆಳಗೊಂದು ಟೇಪು ಹಾಕಿ, ನಡುವಿನ ಸಂದಿನಲ್ಲಿ ಕಪ್ಪು. ಕಪ್ಪು ಎರಡು ತೆಳು ಪದರಕ್ಕೇ ತುಂಬುವ ಬಣ್ಣ, ದಂಡೆ ಕಟ್ಟುವುದಿಲ್ಲ. ಎಚ್ಚರದಿಂದ ಟೇಪು ಹಾಕಬೇಕಾದದ್ದು ಇಡೀ ಕೆಲಸದಲ್ಲಿ ಒಂದೇ ಸಲ. ಇದರ ಕಷ್ಟವೆಂದರೆ ಪೆನ್ಸಿಲ್ ಗೆರೆ ಬೂದು, ಕೆಂಪಿನಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಮಾರ್ಕಿಂಗನ್ನು ಬಣ್ಣದ ಮೇಲೆ, ಕಪ್ಪು ಹೊಡೆಯುವ ಮುಂಚೆ ಮಾಡಬೇಕು. ಒಡಲನ್ನು ಗಾಜಿನ ಮೇಲೆ ಮತ್ತೆ ಅದೇ ಭಂಗಿಯಲ್ಲಿ ನಿಲ್ಲಿಸಲು ಆಗುವಂತೆ ಒಂದು ಸ್ಟ್ಯಾಂಡ್ ಇರಲೇಬೇಕು.

ಅಪ್ಪಟ ಕಪ್ಪು ಬೇಡ. ಈ ಅಳತೆಯಲ್ಲಿ ಅದು ಇನ್ಸುಲೇಷನ್ ಟೇಪು ಅಂಟಿಸಿದ ಹಾಗೆ ಕಾಣುತ್ತದೆ. ಮಾಡೆಲ್ ಬಣ್ಣ ಮಾಡುವ ಜಪಾನಿ ಕಂಪನಿ ಟಮಿಯಾದ ಎಕ್ಸ್‌ಎಫ್-69 ನೇಟೊ ಬ್ಲ್ಯಾಕ್ ಥರದ ತುಸು ಮಾಸಿದ ಕಪ್ಪು ಸಾಕು. ಕೆಂಪಿಗೆ ಅವರದೇ ಎಕ್ಸ್‌ಎಫ್-9 ಹಲ್ ರೆಡ್ ಇದೆ. ನನಗೆ ಅದು ಸ್ವಲ್ಪ ಕಂದು ಎನಿಸುತ್ತದೆ, ಒಂದೆರಡು ಹನಿ ಕೆಂಪು ಬೆರೆಸಿಕೊಳ್ಳುತ್ತೇನೆ. ನಿಮ್ಮಿಷ್ಟ.

ಅಂದಹಾಗೆ, ಎಲ್ಲ ಯುದ್ಧನೌಕೆಗೂ ಕಪ್ಪು ಪಟ್ಟಿ ಇರುತ್ತದೆ ಎಂಬುದೂ ಒಂದು ತಪ್ಪು ನಂಬಿಕೆ. ಎರಡನೇ ಮಹಾಯುದ್ಧದ ಜಪಾನಿ ಹಡಗುಗಳಲ್ಲಿ ಸಾಮಾನ್ಯವಾಗಿ ಬೂದು ನೇರ ಕೆಂಪಿಗೆ ತಾಕುತ್ತದೆ. ಜರ್ಮನರದ್ದು ಕಡು ಬೂದು. ಅಮೆರಿಕನ್ನರದ್ದು ಕಪ್ಪು. ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಜಪಾನಿ ಡೆಸ್ಟ್ರಾಯರ್ ಒಂದಕ್ಕೆ ಮೂರು ಭಾನುವಾರ ಕೂತು ಕಪ್ಪು ಪಟ್ಟಿ ಎಳೆದು, ಗೆಳೆಯರ ನಡುವೆ ಹೆಮ್ಮೆಯಿಂದ ಇಟ್ಟಿದ್ದೆ. ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಗ್ಗಿ ನೋಡಿ, “ಪಟ್ಟಿ ಬಹಳ ನೀಟಾಗಿದೆ ಕಣ್ರೀ, ಆದರೆ ಈ ಹಡಗಿಗೆ ಇದು ಇರಲಿಲ್ಲವಲ್ಲ” ಅಂದರು. ನಿಮ್ಮ ಹಡಗಿನ ಯಾವ ವರ್ಷದ ರೂಪ ಕಟ್ಟುತ್ತಿದ್ದೀರೋ ಆ ವರ್ಷದ ಫೋಟೊ ಹುಡುಕಿ.

ಇನ್ನು ನುಸುಳುವಿಕೆ. ಇಲ್ಲಿ ಟೇಪಿನ ಪಾಲಿದೆ. ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪು ಕಿಟಕಿಗೆ ಬಣ್ಣ ಹೊಡೆಯುವವರಿಗೆ ಮಾಡಿದ್ದು. ಅದರ ಕಾಗದ ಸುಕ್ಕುಸುಕ್ಕು. ಪ್ರತಿ ಸುಕ್ಕಿನಡಿ ಒಂದು ಸುರಂಗ. ಬಣ್ಣ ತೆಳ್ಳಗೆ ಒದ್ದೆಯಾಗಿ ಬಿದ್ದರೆ ಬತ್ತಿಗೆ ಎಣ್ಣೆ ಏರುವಂತೆ ಒಳಗೆ ಏರುತ್ತದೆ. ಜಪಾನಿನ ಹಳದಿ ವಾಶಿ ಕಾಗದದ ಟೇಪು ನಯ, ಅಂಟು ಹದ. ನೆಟ್ಟಗಿನ ಭಾಗಕ್ಕೆ ಅದು ಚೆನ್ನ. ಕಾರು ಪೇಂಟಿಂಗ್‌ನವರು ಎರಡು ಬಣ್ಣದ ನಡುವೆ ಹಾಕುವ ನೀಲಿ ಫೈನ್‌ಲೈನ್ ಟೇಪು ವಿನೈಲ್‌ನದ್ದು, ಬಾಗುತ್ತದೆ, ಅಂಚು ಬ್ಲೇಡಿನಂತಿರುತ್ತದೆ, ಜೆ.ಸಿ. ರಸ್ತೆಯ ಕಡೆ ಕಾರಿನ ಬಣ್ಣ ಮಾರುವವರಲ್ಲಿ ಕೇಳಿ ನೋಡಿ. ವಿನೈಲ್‌ಗೆ ಒಂದು ದುರ್ಗುಣ: ಎಳೆದು ಹಾಕಿದರೆ ರಾತ್ರಿಯೆಲ್ಲ ಮೆಲ್ಲಗೆ ಹಿಂದಕ್ಕೆ ಕುಗ್ಗುತ್ತದೆ. ಸಂಜೆ ಹಾಕಿ ಬೆಳಿಗ್ಗೆ ಬಣ್ಣ ಹೊಡೆಯೋಣ ಅಂತ ಮಲಗಿದ್ದ ನಾನು, ಎದ್ದು ನೋಡಿದಾಗ ಮೂತಿಯಲ್ಲಿ ಅದು ಹಾವಿನ ಹೆಡೆಯಂತೆ ಎದ್ದು ನಿಂತಿತ್ತು. ಹಾಕಿದ ಗಂಟೆಯೊಳಗೆ ಬಣ್ಣ ಹೊಡೆಯಿರಿ.

ಅಂಚಿಗೆ ಬೇಕಾದದ್ದು ಒಂದರಿಂದ ಎರಡು ಮಿ.ಮೀ. ಅಗಲದ ಎಳೆ ಮಾತ್ರ. ಹಳದಿ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಉಕ್ಕಿನ ಸ್ಕೇಲಿಟ್ಟು ಹೊಸ ಬ್ಲೇಡಿನಿಂದ ಎಳೆಗಳಾಗಿ ಸೀಳಿ. ರೋಲಿನ ಮೂಲ ಅಂಚನ್ನು ಬಳಸಬೇಡಿ, ಅದಕ್ಕೆ ಧೂಳು ಮೆತ್ತಿರುತ್ತದೆ. ಕಿರಿದಾದ ಎಳೆ ಬಾಗಿನಲ್ಲಿ ಹಟಮಾಡದೆ ಪೆನ್ಸಿಲ್ ಗೆರೆಯ ಪಕ್ಕ ನಡೆಯುತ್ತದೆ. ನಡುಭಾಗದಿಂದ ಶುರುಮಾಡಿ ಎರಡೂ ತುದಿಗೆ ಹೋಗಿ, ಎಳೆಯಬೇಡಿ, ಸುಮ್ಮನೆ ಮಲಗಿಸುತ್ತ ಹೋಗಿ. ಮೂತಿಯ ಚೂಪಿನಲ್ಲಿ ಸುತ್ತಿ ಆಚೆಗೆ ಹೋಗಬಾರದು. ಎರಡು ಬದಿಗೂ ಬೇರೆ ತುಂಡು. ಎಳೆ ಕೂತ ಮೇಲೆ ಅದರ ಹಿಂದೆ ಅಗಲ ಟೇಪು, ಅದರಾಚೆ ಹಳೆಯ ಪೇಪರ್.

ಟೇಪನ್ನು ಜೋರಾಗಿ ಒತ್ತಿದರೆ ನುಸುಳುವುದಿಲ್ಲ ಎನ್ನುವುದು ಅರ್ಧ ಸತ್ಯ. ಅಂಚನ್ನು ಹಲ್ಲುಕಡ್ಡಿಯ ಬೆನ್ನಿನಿಂದ ಉಜ್ಜಿ ಕೂರಿಸಬೇಕು ನಿಜ. ಆದರೆ ತಗಡಿನ ಜೋಡಣೆಗಳ ಗೆರೆ ಒಡಲಿನ ಮೇಲೆ ಉಬ್ಬಿರುವಲ್ಲಿ ನೀವೆಷ್ಟೇ ಒತ್ತಿದರೂ ಸಣ್ಣ ಸಂದು ಉಳಿದೇ ಉಳಿಯುತ್ತದೆ. ಆ ಸಂದನ್ನು ಮೊದಲೇ ಬೇರೆ ಯಾವುದರಿಂದಾದರೂ ತುಂಬಿಬಿಡಬೇಕು. ಕಪ್ಪು ಹೊಡೆಯುವ ಮೊದಲು ಟೇಪಿನ ಅಂಚುಗಳ ಮೇಲೆ ಬಣ್ಣವಿಲ್ಲದ ವಾರ್ನಿಷ್ ಒಂದು ತೆಳು ಪದರ ಹೊಡೆಯಿರಿ. ನುಸುಳುವುದು ಅದೇ, ಕಾಣಿಸುವುದಿಲ್ಲ. ಅದು ಒಣಗಿದ ಮೇಲೆ ಕಪ್ಪಿಗೆ ಒಳಹೋಗಲು ಜಾಗವೇ ಇರುವುದಿಲ್ಲ. ಏರ್‌ಬ್ರಷ್ ಒತ್ತಡ 15 ಪಿಎಸ್‌ಐ ಆಸುಪಾಸು ಸಾಕು. ಗಾಳಿ ಟೇಪಿನ ಮೇಲಿನಿಂದ ಸಂದಿನ ಕಡೆಗೆ ಬೀಸಲಿ, ಎದುರು ದಿಕ್ಕಿನಿಂದ ಅಂಚಿನಡಿಗೆ ನುಗ್ಗಿಸಬೇಡಿ. ಕಪ್ಪು ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ ಟೇಪನ್ನು ಅದರ ಮೇಲೇ ಮಡಚಿ, ಚಪ್ಪಟೆಯಾಗಿ, ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಬಾಳೆಹಣ್ಣಿನ ಸಿಪ್ಪೆ ಬಿಡಿಸುವಂತೆ ನೇರ ಮೇಲಕ್ಕೆ ಎತ್ತಿದರೆ ಬಣ್ಣವೂ ಬರುತ್ತದೆ.

ಚಕ್ಕೆ ಎದ್ದುದಕ್ಕೆ ಟೇಪು ನೆಪ ಮಾತ್ರ. ನೀರಿನ ಅಕ್ರಿಲಿಕ್ ಬಣ್ಣ ಬರೀ ಪ್ಲಾಸ್ಟಿಕ್ಕಿನ ಮೇಲೆ ಹಿಡಿತವಿಲ್ಲದ ಸಿಪ್ಪೆಯಂತೆ ಕೂರುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು, ನಿಮ್ಮ ಬೆರಳಿನ ಜಿಡ್ಡು ಅದರ ಮೇಲೆ. ಒಡಲನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆದು, ಒಣಗಿಸಿ, ಲ್ಯಾಕರ್ ಪ್ರೈಮರ್ ಹೊಡೆಯಿರಿ. ಇಲ್ಲಿ ಒಂದು ಎಚ್ಚರಿಕೆ: ಬಡಗಿಗಳು ಬಳಸುವ ಎನ್.ಸಿ. ಥಿನ್ನರ್ ಅಗ್ಗ ಅಂತ ಅದನ್ನು ತಂದು ಒಡಲು ಒರೆಸಲು ಹೋಗಬೇಡಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ. ಲ್ಯಾಕರ್ ಪ್ರೈಮರ್ ಹೊಡೆಯುವಾಗ ಬಾಲ್ಕನಿಗೆ ಹೋಗಿ, ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕ್ ಧೂಳಿಗೆ, ಆವಿಗೆ ಅಲ್ಲ.

ಜುಲೈ ತಿಂಗಳೂ ನಿಮಗೆ ವೈರಿಯಾಯಿತು. ನಮ್ಮ ಊರಿನ ಮಳೆಗಾಲದಲ್ಲಿ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ನೀರಿನ ಬಣ್ಣ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಲ್ಯಾಕರ್‌ಗೆ ಆ ತೇವದಲ್ಲಿ ಬಿಳಿ ಮಂಜು ಕವಿಯುವ ಕಾಟ. ಮಾರ್ಚ್‌ನಲ್ಲಿ ತೊಂದರೆ ಉಲ್ಟಾ: ಬಣ್ಣ ಏರ್‌ಬ್ರಷ್‌ನ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ನಿಧಾನವಾಗಿಸುವ ರಿಟಾರ್ಡರ್ ಒಂದೆರಡು ಹನಿ ಬೇಕಾಗುತ್ತದೆ. ಮಳೆಯಿರಲಿ ಬಿಸಿಲಿರಲಿ, ಟೇಪು ಹಾಕುವ ಮುಂಚೆ ಮೂಗು ಹತ್ತಿರ ತಂದು ಮೂಸಿ. ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಒಣಗಿಲ್ಲ ಎಂದೇ ಅರ್ಥ. ಟೇಪಿನ ಎಳೆಯನ್ನು ಅಂಗೈಗೆ ಒಂದು ಸಲ ಅಂಟಿಸಿ ಕಿತ್ತು ಹಾಕಿದರೆ ಅಂಟು ಹದಕ್ಕೆ ಬರುತ್ತದೆ.

ಕೈಯಲ್ಲಿ ಬ್ರಷ್ ಹಿಡಿದು ಎಳೆಯುವುದೇ? 75 ಸೆಂ.ಮೀ. ಉದ್ದ, ಎರಡು ಬದಿ, ಎರಡು ಅಂಚು. ಮೂರು ಮೀಟರ್ ಕೈ ನಡುಗದೆ ಎಳೆಯುವವರನ್ನು ನಾನು ಕಂಡಿಲ್ಲ. ಒಂದೆರಡು ಮಿ.ಮೀ. ತಿದ್ದಲು ಮಾತ್ರ ಬ್ರಷ್. ಕಪ್ಪು ಡಿಕ್ಯಾಲ್ (ತೆಳು ಅಂಟುಚಿತ್ರ) ಪಟ್ಟಿ ತಂದು ಅಂಟಿಸುವುದು ಸಣ್ಣ ಹಡಗುಗಳ ನೆಟ್ಟಗಿನ ಬದಿಗೆ ಆದೀತು. ನಿಮ್ಮ ಬಾಲದಲ್ಲಿ ಅದು ಟೇಪು ಮಾಡಿದ್ದನ್ನೇ ಮಾಡುತ್ತದೆ, ಮೇಲೆ ಸುಕ್ಕು ಬೇರೆ. ಒಡಲನ್ನೇ ನೀರಿನ ಮಟ್ಟಕ್ಕೆ ಕತ್ತರಿಸಿ ಸಮುದ್ರದ ಮೇಲೆ ಕೂರಿಸಿಬಿಡುವುದೂ ಒಂದು ದಾರಿ. ಕೆಳಅಂಚಿನ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಅಂಕುಡೊಂಕು ಕತ್ತರಿಸಿದರೆ ಹಿಂದಕ್ಕೆ ಬರಲಾಗುವುದಿಲ್ಲ, ಮತ್ತು ಸಮುದ್ರ ಮಾಡುವುದು ಇನ್ನೊಂದು ವಿದ್ಯೆ. ಮೊದಲ ಹಡಗಿಗೆ ನಾನು ಸಲಹೆ ಮಾಡಲಾರೆ.

ನಿಮ್ಮ ಈಗಿನ ಒಡಲಿಗೆ ಬರೋಣ. ಬರೀ ನುಸುಳಿದ್ದಾಗಿದ್ದರೆ ತಿದ್ದಿ ಅನ್ನುತ್ತಿದ್ದೆ. ಪ್ಲಾಸ್ಟಿಕ್ ಕಾಣುವಷ್ಟು ಚಕ್ಕೆ ಎದ್ದಿರುವುದರಿಂದ, ಇದರ ಮೇಲೆ ಏನೇ ಹೊಡೆದರೂ ಇನ್ನೊಂದು ಟೇಪಿಗೆ ಮತ್ತೆ ಏಳುತ್ತದೆ. ಪೂರ್ತಿ ತೆಗೆಯಿರಿ. ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ನೀರಿನ ಅಕ್ರಿಲಿಕ್ ಬಿಟ್ಟುಬರುತ್ತದೆ, ಪ್ಲಾಸ್ಟಿಕ್ಕಿಗೆ ತೊಂದರೆಯಿಲ್ಲ. ಒಂದು ಸಂಜೆಯ ಕೆಲಸ. ಕಿಟಕಿ ತೆರೆದಿಡಿ, ಗ್ಯಾಸ್ ಒಲೆಯ ಹತ್ತಿರ ಬೇಡ.

ಡೆಕ್ ಇನ್ನೂ ಅಂಟಿಸಿಲ್ಲ ಎಂದಿದ್ದೀರಿ, ಅದು ಒಳ್ಳೆಯದಾಯಿತು. ತೊಳೆದ ಒಡಲಿನ ಅಡಿಯಲ್ಲಿ, ಕೀಲ್ ಗುಂಟ, ಉದ್ದದ ಕಾಲು ಭಾಗಕ್ಕೊಂದು ಮುಕ್ಕಾಲು ಭಾಗಕ್ಕೊಂದು 4 ಮಿ.ಮೀ. ತೂತು ಕೊರೆದು, ಒಳಗಡೆ ಎರಡು ನಟ್‌ಗಳನ್ನು ಎಪಾಕ್ಸಿಯಲ್ಲಿ ಕೂರಿಸಿ. ಹೊರಗಿನಿಂದ ಬೋಲ್ಟ್ ಹಾಕಿ ಒಡಲನ್ನು ದಪ್ಪ ಹಲಗೆಯೊಂದಕ್ಕೆ ಬಿಗಿಯಿರಿ. ಬಣ್ಣ ಹೊಡೆಯುವಾಗ ಹಿಡಿಯಲು ಅದೇ ಹಿಡಿಕೆ, ಗ್ರಾನೈಟಿನ ಮೇಲೆ ಮಾರ್ಕಿಂಗ್‌ಗೆ ನಿಲ್ಲಿಸಲು ಅದೇ ಸ್ಟ್ಯಾಂಡ್, ಮುಗಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಲೂ ಅದೇ ನಟ್. ತೂತಿನ ಜಾಗವನ್ನು ಮಾತ್ರ ತಂದೆಯವರ ಕೈಯಲ್ಲೇ ಗುರುತು ಹಾಕಿಸಿ.